ಕೈಗಾರಿಕಾ ಪ್ರದೇಶಕ್ಕೆ ಅಂತ ನೋಟಿಸ್ ಬಂದಿದೆ, ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ. ಏನು ಮಾಡಬೇಕು?

ರೇಷ್ಮೆಮನೆ:
ನಮ್ಮದು ಮಾಲೂರು ತಾಲ್ಲೂಕು. ಮೂರು ಎಕರೆ ಜಮೀನು, ಅರ್ಧ ಹಿಪ್ಪುನೇರಳೆ, ಉಳಿದದ್ದು ರಾಗಿ, ಟೊಮೆಟೊ. ಕಳೆದ ವಾರ ಅಪ್ಪನ ಕೈಗೆ 28(2) ನೋಟಿಸ್ ಕೊಟ್ಟು ಹೋದರು. ಅದರಲ್ಲಿ ನಮ್ಮ ಜಮೀನು ಖುಷ್ಕಿ, ಅಂದರೆ ಬರೀ ಮಳೆ ನಂಬಿದ ಹೊಲ ಅಂತ ಇದೆ. ಬೋರ್‌ವೆಲ್ ಇದೆ, ಡ್ರಿಪ್ ಇದೆ, ಹುಳು ಸಾಕುವ ಮನೆ ಇದೆ. ಯಾವುದರ ಸುದ್ದಿಯೂ ಇಲ್ಲ.

ತಾತ ತೀರಿಕೊಂಡು ಎಷ್ಟೋ ವರ್ಷವಾಯಿತು, ಖಾತೆ ಬದಲಾಗಿಲ್ಲ. ಚಿಕ್ಕಪ್ಪ ಬೆಂಗಳೂರಲ್ಲಿದ್ದಾರೆ, ಕೊಟ್ಟುಬಿಡೋಣ ಅನ್ನುತ್ತಾರೆ. ಬ್ರೋಕರ್ ಒಬ್ಬರು ದಿನಾ ಬಂದು ಜಗಲಿ ಮೇಲೆ ಕೂರುತ್ತಾರೆ, ಈಗಲೇ ಒಪ್ಪಿಗೆಗೆ ಸಹಿ ಹಾಕಿದರೆ ದುಡ್ಡು ಬೇಗ ಬರುತ್ತೆ ಅಂತ. ಅಪ್ಪ ಸರಿಯಾಗಿ ಊಟ ಮಾಡ್ತಿಲ್ಲ. ಚಿಕ್ಕಪ್ಪ ಸಹಿ ಹಾಕಿದರೆ ನಮ್ಮ ಭಾಗವೂ ಹೋಗುತ್ತಾ? ನಾವು ಬೇಡ ಅಂದರೆ ಯಾರಾದರೂ ಕೇಳ್ತಾರಾ?

ಗೌಡರಹಟ್ಟಿ:
ಹೆದರಬೇಡಿ ಮೇಡಂ. ನೂರಕ್ಕೆ 80 ಜನ ಒಪ್ಪದೆ ಜಮೀನು ತಗೊಳ್ಳೋ ಹಾಗಿಲ್ಲ, 2013ರ ಭೂಸ್ವಾಧೀನ ಕಾಯ್ದೆ ಇದೆ ಅಲ್ವಾ.

ಚನ್ನರಾಯಪಟ್ಟಣ ಹೋಬಳಿ:
ಅಣ್ಣಾ, ಅದನ್ನು ನಂಬಿಕೊಂಡು ಸುಮ್ನೆ ಕೂತರೆ ಕೆಟ್ಟೆವು. ಆ 80 ಪರ್ಸೆಂಟ್ ಒಪ್ಪಿಗೆ ಕೇಂದ್ರದ 2013ರ ಕಾಯ್ದೆಯಲ್ಲಿ ಖಾಸಗಿ ಕಂಪನಿಗಾಗಿ ತಗೊಳ್ಳುವಾಗ ಇರುವ ಷರತ್ತು. 28(2) ಅಂದರೆ ರಾಜ್ಯದ 1966ರ ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯ ಕಲಂ. ಇದರಲ್ಲಿ ಆ ಷರತ್ತಿಲ್ಲ.

ತಂಗೀ, ನೋಟಿಸ್ ಕೈಗೆ ಸಿಕ್ಕ ದಿನದಿಂದ 30 ದಿನ ನಿಮ್ಮದು. ಅಷ್ಟರೊಳಗೆ ಆಕ್ಷೇಪಣೆ ಬರೆದು ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಆಮೇಲೆ 28(3)ರಲ್ಲಿ ವಿಚಾರಣೆಗೆ ಕರೆಯಬೇಕು. ಅಪ್ಪನ ಜೊತೆ ನೀವೂ ಹೋಗಿ. 28(4) ಅಂತಿಮ ಅಧಿಸೂಚನೆ ಗೆಜೆಟ್‌ನಲ್ಲಿ ಬಂತೋ, ಜಮೀನು ಸರ್ಕಾರದ್ದಾಯಿತು. ಹೊಲದಲ್ಲಿ ನೀವೇ ಉಳುತ್ತಿದ್ದರೂ ಅಷ್ಟೇ. ಅದಕ್ಕೇ ಈ 30 ದಿನ ಬಿಡಬೇಡಿ ಅಂತ ಗಂಟಲು ಹರಿದುಕೊಳ್ತಿದ್ದೀನಿ.

ಚಿಕ್ಕಪ್ಪನ ಸಹಿ ಅವರ ಭಾಗಕ್ಕೆ ಮಾತ್ರ. ನಿಮ್ಮ ಅಪ್ಪನ ಪಾಲನ್ನು ಅವರು ಕೊಡೋಕಾಗಲ್ಲ. ಆದರೆ ಖಾತೆ ತಾತನ ಹೆಸರಲ್ಲಿದ್ದರೆ ಗೊಂದಲ ಜಾಸ್ತಿ. ನಾಳೆಯೇ ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸೋಕೆ, ಅರ್ಜಿ ಹಾಕಿ, ತಾತನ ಮರಣ ಪತ್ರ, ವಂಶವೃಕ್ಷ ಬೇಕು. ಅತ್ತೆಯರಿದ್ದರೆ ಅವರ ಹೆಸರೂ ವಂಶವೃಕ್ಷದಲ್ಲಿ ಬರಲಿ. ಹಕ್ಕಿರುವ ಪ್ರತಿಯೊಬ್ಬರೂ ಬೇರೆ ಬೇರೆ ಆಕ್ಷೇಪಣೆ ಕೊಡಬಹುದು, ಹೆಣ್ಣುಮಕ್ಕಳೂ ಸಹ.

ನಾವು ಬೇಡ ಅಂದರೆ ಕೇಳ್ತಾರಾ ಅಂದ್ರಲ್ಲ, ನಮ್ಮ ದೇವನಹಳ್ಳಿ ಕಡೆಯದು ಹೇಳ್ತೀನಿ. 13 ಹಳ್ಳಿ, 1,777 ಎಕರೆ, ಏರೋಸ್ಪೇಸ್ ಪಾರ್ಕಿಗೆ ಅಂತ. 2022ರ ಏಪ್ರಿಲ್‌ನಲ್ಲಿ ಧರಣಿ ಕೂತೆವು. ಹಾಲು ಕರೆದು ಡೇರಿಗೆ ಹಾಕಿ ಹೆಂಗಸರು ಬಂದು ಕೂರುತ್ತಿದ್ದರು. ಕೊನೆಗೆ ಸರ್ಕಾರದವರು ಮೂರು ಹಳ್ಳಿಯ 495 ಎಕರೆ ಬಿಡ್ತೀವಿ, ಉಳಿದದ್ದು ಕೊಡಿ ಅಂದರು. ಆ ಮೂರು ಹಳ್ಳಿಯವರು ನಮ್ಮದು ಉಳಿಯಿತು ಅಂತ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ನನ್ನ ಲೆಕ್ಕದಲ್ಲಿ ನಾವು ಗೆದ್ದಿದ್ದೇ ಅಲ್ಲಿ. 2025ರ ಜೂನ್ 25ಕ್ಕೆ ದೇವನಹಳ್ಳಿ ಚಲೋ ಮಾಡಿದಾಗ ಪೊಲೀಸರು ಎತ್ತಿ ವ್ಯಾನಿಗೆ ಹಾಕಿದರು. ಜುಲೈ 15ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಭೂಸ್ವಾಧೀನ ಕೈಬಿಟ್ಟೆವು ಅಂದರು. ತಾವಾಗಿ ಕೊಡುವವರು ಕೊಡಬಹುದು ಅಂತಲೂ ಹೇಳಿದರು. ಅದಕ್ಕೇ ಬ್ರೋಕರ್‌ಗಳ ಓಡಾಟ ನಮ್ಮಲ್ಲೂ ನಿಂತಿಲ್ಲ.

ಗೊಟ್ಟಿಗೆರೆ:
ದುಡ್ಡು ಬೇಗ ಬರುತ್ತೆ ಅನ್ನೋ ಮಾತಿಗೆ ಒಂದು ಉತ್ತರ. ನಮ್ಮ ಕಡೆ ಬೆಂಗಳೂರು ಮೈಸೂರು ಕಾರಿಡಾರ್‌ಗೆ ಅಂತ 2003ರಲ್ಲಿ ಮೊದಲ ಅಧಿಸೂಚನೆಯಾದ ಸೈಟುಗಳಿವೆ. 2005ರಲ್ಲಿ ಸ್ವಾಧೀನವೂ ಆಯಿತು. ಪರಿಹಾರ ಎಷ್ಟು ಅನ್ನೋ ಐತೀರ್ಪು (ಅವಾರ್ಡ್) ಬಂದಿದ್ದು 2019ರಲ್ಲಿ, ಅದೂ 2011ರ ದರ ಹಿಡಿದು! ಸುಪ್ರೀಂ ಕೋರ್ಟ್ 2025ರ ಜನವರಿ 2ರಂದು 2019ರ ಮಾರುಕಟ್ಟೆ ಬೆಲೆ ಕಟ್ಟಿ ಅಂತ ಹೇಳಬೇಕಾಯಿತು. ದರ ಏನು, ಯಾವಾಗ ಕೊಡ್ತೀರಿ ಅನ್ನೋದು ಬರಹದಲ್ಲಿ ಇಲ್ಲದೆ ಯಾವ ಕಾಗದಕ್ಕೂ ಸಹಿ ಬೇಡ.

ರೇಷ್ಮೆಮನೆ:
ಎಲ್ಲರಿಗೂ ತುಂಬಾ ಧನ್ಯವಾದ. ನಮ್ಮ ಸರ್ವೆ ನಂಬರ್ ಸುತ್ತ ಇನ್ನೂ ಹನ್ನೊಂದು ಮನೆಯವರಿದ್ದಾರೆ, ಇವತ್ತು ಸಂಜೆ ಸೇರಿಸ್ತೀನಿ. ಆಕ್ಷೇಪಣೆಯಲ್ಲಿ ಏನೇನು ಬರೀಬೇಕು?

ಚನ್ನರಾಯಪಟ್ಟಣ ಹೋಬಳಿ:
ಕೊಡೋಕೆ ಇಷ್ಟವಿಲ್ಲ ಅಂತ ಮೊದಲ ಸಾಲಲ್ಲೇ ಬರೀರಿ, ಪರಿಹಾರದ ಮಾತು ಅಲ್ಲಿ ಎತ್ತಬೇಡಿ. ಎತ್ತಿದರೆ ರೇಟಿಗೆ ಜಗಳ ಅಂತ ಓದಿಕೊಳ್ತಾರೆ. ಖುಷ್ಕಿ ಅಂತ ತಪ್ಪಾಗಿ ಬರೆದಿರೋದನ್ನು ಎತ್ತಿ ತೋರಿಸಿ. ಬೋರ್‌ವೆಲ್‌ನ ಕರೆಂಟ್ ಆರ್.ಆರ್. ನಂಬರ್, ಡ್ರಿಪ್ ಸಬ್ಸಿಡಿ ಕಾಗದ, ಗೂಡು ಮಾರುಕಟ್ಟೆಯ ಚೀಟಿ, ಡೇರಿ ಪಾಸ್‌ಬುಕ್, ಇದೆಲ್ಲದರ ಜೆರಾಕ್ಸ್ ಲಗತ್ತಿಸಿ. ಈ ಹೊಲದಿಂದಲೇ ನಮ್ಮ ಮನೆ ನಡೆಯುತ್ತೆ ಅನ್ನೋದಕ್ಕೆ ಅವೇ ಸಾಕ್ಷಿ. ಪಹಣಿಯನ್ನು ಆಗಾಗ ತೆಗೆಸಿ ನೋಡ್ತಿರಿ, ಇತರ ಹಕ್ಕು, ಋಣ ಬರೆಯುವ 11ನೇ ಕಾಲಂನಲ್ಲಿ ಹೊಸದೇನಾದರೂ ಸೇರಿದೆಯಾ ಅಂತ. ಹನ್ನೊಂದು ಮನೆಯವರೂ ಒಂದೇ ದಿನ ಒಟ್ಟಿಗೆ ಹೋಗಿ ಕೊಡಿ. ಚಿಕ್ಕಪ್ಪನನ್ನೂ ಭಾನುವಾರ ಊರಿಗೆ ಕರೆಸಿ, ಅಪ್ಪನ ಎದುರು ಕೂರಿಸಿ ಮಾತಾಡಿ. ಅವರನ್ನು ಬ್ರೋಕರ್ ಕೈಗೆ ಬಿಡಬೇಡಿ.