ಮರಿನಾಯಿ ಮತ್ತು ಮೆಟ್ಟಿಲು: ನಾಯಿ ಸಾಕುವವರ ಬಳಗದಲ್ಲಿ ಪಶುವೈದ್ಯೆಯೊಂದಿಗೆ ಪ್ರಶ್ನೋತ್ತರ

ಬೆಂಗಳೂರಿನ ಸದಸ್ಯೆ: ಮೇಡಂ, ನಮಸ್ಕಾರ. ನಮ್ಮ ಹತ್ತು ವಾರದ ನಾಟಿ ಮರಿ ತಾರಸಿಯ ಮೆಟ್ಟಿಲನ್ನು ಹೇಗೋ ಹತ್ತಿಬಿಡುತ್ತದೆ. ಇಳಿಯುವಾಗ ಮಾತ್ರ ಮೇಲೆಯೇ ಕುಳಿತು ಅಳುತ್ತದೆ. ಇಳಿಯುವುದನ್ನು ಹೇಗೆ ಕಲಿಸಬೇಕು?

ಪಶುವೈದ್ಯೆ: ನಮಸ್ಕಾರ. ಹತ್ತುವ ಮರಿಗೆ ಎದುರಿನ ಒಂದು ಮೆಟ್ಟಿಲು ಕಾಣುತ್ತದೆ, ಇಳಿಯುವ ಮರಿಗೆ ಇಡೀ ಆಳ ಕಾಣುತ್ತದೆ. ಜೊತೆಗೆ, ಸುಮ್ಮನೆ ನಿಂತಾಗಲೇ ನಾಯಿಯ ಮೈಭಾರದಲ್ಲಿ ಶೇಕಡಾ 60ರಷ್ಟು ಮುಂಗಾಲುಗಳ ಮೇಲಿರುತ್ತದೆ. ಇಳಿಯುವಾಗ ಅದು ಇನ್ನೂ ಹೆಚ್ಚುತ್ತದೆ. ಆದ್ದರಿಂದ ಮರಿಯನ್ನು ಎತ್ತಿ ತಂದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಮೇಲೆ ನಿಲ್ಲಿಸಿ, ಬೇಯಿಸಿದ ಕೋಳಿಯ ಸಣ್ಣ ಚೂರನ್ನು ಅದರ ಮೂಗಿನಿಂದ ನೆಲದವರೆಗೆ ನಿಧಾನವಾಗಿ ಇಳಿಸಿ. ಚೂರನ್ನು ದೂರದಲ್ಲಿ ಹಿಡಿದರೆ ಮರಿ ನೆಗೆಯುತ್ತದೆ, ಪೆಟ್ಟಾಗುವುದು ಆ ನೆಗೆತದಲ್ಲೇ. ಒಂದು ಮೆಟ್ಟಿಲನ್ನು ಹೆದರದೆ ಇಳಿದ ಮೇಲೆ ಎರಡನೆಯದಕ್ಕೆ ಹೋಗಿ. ಒಂದು ಸಲಕ್ಕೆ ಐದು ನಿಮಿಷ ಸಾಕು. ಪಾಲಿಷ್ ಮಾಡಿದ ಗ್ರಾನೈಟ್ ಮೆಟ್ಟಿಲಾಗಿದ್ದರೆ ಮೊದಲು ಜಾರದ ರಬ್ಬರ್ ಮ್ಯಾಟ್ ಅಂಟಿಸಿ, ಆಮೇಲೆ ಪಾಠ ಆರಂಭಿಸಿ. ಕೊರಳಪಟ್ಟಿ ಹಿಡಿದು ಎಳೆಯಲೇಬೇಡಿ.

ಶಿವಮೊಗ್ಗದ ಸದಸ್ಯರು: ನಮ್ಮದು ಮುಧೋಳ ಮರಿ, ಮೂರು ತಿಂಗಳು. ಅದಕ್ಕೆ ಹತ್ತುವುದೇ ಬರುವುದಿಲ್ಲ. ಮುಂಗಾಲುಗಳನ್ನು ಎರಡನೆಯ ಮೆಟ್ಟಿಲಿನ ಮೇಲಿಟ್ಟು, ಹಿಂಗಾಲುಗಳನ್ನು ನೆಲದಲ್ಲೇ ಬಿಟ್ಟು, ಬಿಲ್ಲಿನಂತೆ ಚಾಚಿಕೊಂಡು ನಿಂತುಬಿಡುತ್ತದೆ.

ಪಶುವೈದ್ಯೆ: ಈ ವಯಸ್ಸಿನಲ್ಲಿ ಹಿಂಗಾಲುಗಳ ಮೇಲೆ ಮರಿಗೆ ಪೂರ್ತಿ ಹಿಡಿತವಿರುವುದಿಲ್ಲ. ಹಿಂದಿನಿಂದ ತಳ್ಳಬೇಡಿ. ತೊಡೆಯ ಕೆಳಗೆ ಅಂಗೈ ಇಟ್ಟು ಒಂದು ಹಿಂಗಾಲನ್ನು ಮೊದಲ ಮೆಟ್ಟಿಲಿನ ಮೇಲಿಡಿ. ಇನ್ನೊಂದನ್ನು ಅದೇ ಎತ್ತಿಕೊಳ್ಳುವವರೆಗೆ ಕಾಯಿರಿ. ಅಂಗಳದಲ್ಲಿ ಕೋಲೊಂದನ್ನು ಅಡ್ಡಲಾಗಿ ಮಲಗಿಸಿ ದಾಟಿಸುವುದೂ ಒಳ್ಳೆಯ ಅಭ್ಯಾಸ.

ಹುಬ್ಬಳ್ಳಿಯ ಸದಸ್ಯರು: ಎಷ್ಟು ತಿಂಗಳಿಗೆ ಮೆಟ್ಟಿಲು ಹತ್ತಿಸಲು ಆರಂಭಿಸಬಹುದು?

ಪಶುವೈದ್ಯೆ: ಎರಡು ಮೂರು ಮೆಟ್ಟಿಲುಗಳ ಪಾಠವನ್ನು ಹತ್ತು ವಾರಕ್ಕೇ ಆರಂಭಿಸಬಹುದು. ದಿನವೂ ಮಹಡಿ ಹತ್ತಿಳಿಸುವುದು ಬೇರೆ ಮಾತು. ಎಲುಬಿನ ತುದಿಯ ಮೃದುವಾದ ಬೆಳವಣಿಗೆಯ ಪದರ ಗಟ್ಟಿಯಾಗಲು ಸಣ್ಣ ತಳಿಗಳಿಗೆ ಸುಮಾರು 8ರಿಂದ 10 ತಿಂಗಳು ಬೇಕು, ದೊಡ್ಡ ತಳಿಗಳಿಗೆ 12ರಿಂದ 18 ತಿಂಗಳು. ನಾರ್ವೆಯಲ್ಲಿ ಲ್ಯಾಬ್ರಡಾರ್, ನ್ಯೂಫೌಂಡ್‌ಲ್ಯಾಂಡ್ ಮೊದಲಾದ ದೊಡ್ಡ ತಳಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹುಟ್ಟಿ ಮೂರು ತಿಂಗಳಾಗುವುದರೊಳಗೆ ಮೆಟ್ಟಿಲು ಬಳಸಿದ ಮರಿಗಳಲ್ಲಿ ಸೊಂಟದ ಕೀಲಿನ ದೋಷದ ಸಂಭವ ಹೆಚ್ಚಾಗಿ ಕಂಡುಬಂದಿತ್ತು. ಮೆತ್ತನೆಯ ನೆಲದಲ್ಲಿ ಬಿಡುಬೀಸಾಗಿ ಓಡಾಡಿದ ಮರಿಗಳಲ್ಲಿ ಕಡಿಮೆಯಿತ್ತು.

ಮೈಸೂರಿನ ಸದಸ್ಯೆ: ಡ್ಯಾಷ್‌ಹಂಡ್ ಮರಿಗೂ ಹೀಗೆಯೇ ಕಲಿಸಬಹುದೇ?

ಪಶುವೈದ್ಯೆ: ಬೇಡ. ಉದ್ದ ಬೆನ್ನಿನ, ಗಿಡ್ಡ ಕಾಲಿನ ಈ ತಳಿಯಲ್ಲಿ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಯಂಥ ಡಿಸ್ಕ್‌ಗಳು ಬೇಗ ಕೆಡುತ್ತವೆ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇಟ್ಟು, ಬೆನ್ನು ಬಾಗದಂತೆ ಎತ್ತಿಕೊಂಡು ಹೋಗಿ.

ದಾವಣಗೆರೆಯ ಸದಸ್ಯರು: ಮೇಡಂ, ನಮ್ಮ ಲ್ಯಾಬ್ರಡಾರ್ ಮರಿಗೆ ನಾಲ್ಕು ತಿಂಗಳು. ಹೋದ ವಾರದವರೆಗೆ ಮೆಟ್ಟಿಲನ್ನು ಓಡಿಕೊಂಡು ಹತ್ತುತ್ತಿತ್ತು. ಈಗ ಮೊದಲ ಮೆಟ್ಟಿಲಿನ ಬಳಿ ನಿಂತು ನಮ್ಮ ಮುಖ ನೋಡಿ ಕುಂಯ್‌ಗುಡುತ್ತದೆ. ಮುಂಗಾಲಿನ ಮಣಿಕಟ್ಟು ನೆಲಕ್ಕೆ ಕುಸಿದಂತೆ ಕಾಣುತ್ತದೆ. ಮತ್ತೆ ಅಭ್ಯಾಸ ಮಾಡಿಸಬೇಕೇ?

ಪಶುವೈದ್ಯೆ: ಅಭ್ಯಾಸವನ್ನು ಈ ಕ್ಷಣವೇ ನಿಲ್ಲಿಸಿ. ಏನು ಊಟ ಹಾಕುತ್ತಿದ್ದೀರಿ? ಲಸಿಕೆ ಆಗಿದೆಯೇ? ಜ್ವರ, ಕಣ್ಣು ಮೂಗಿನಲ್ಲಿ ಕೀವು, ಸ್ನಾಯುಗಳ ಅದಿರಾಟ ಇವೆಯೇ?

ದಾವಣಗೆರೆಯ ಸದಸ್ಯರು: ಲಸಿಕೆಗಳೆಲ್ಲ ಆಗಿವೆ, ಜ್ವರವಿಲ್ಲ, ಅದಿರಾಟವೂ ಇಲ್ಲ. ತಂದ ದಿನದಿಂದಲೂ ಮೂಳೆ ತೆಗೆದ ಕೋಳಿ ಮತ್ತು ಅನ್ನ ಕೊಡುತ್ತಿದ್ದೇವೆ. ಒಳ್ಳೆಯದನ್ನೇ ಕೊಡಬೇಕೆಂದು ಬರೀ ಮಾಂಸದ ಭಾಗವನ್ನೇ ತರುತ್ತೇವೆ.

ಪಶುವೈದ್ಯೆ: ನೀವು ಪ್ರೀತಿಯಿಂದಲೇ ಕೊಟ್ಟಿದ್ದೀರಿ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ನನ್ನ ಆತಂಕ ಹೆಚ್ಚಿದ್ದು ಈ ಉತ್ತರದಿಂದಲೇ. ಮೂಳೆಯಿಲ್ಲದ ಮಾಂಸದಲ್ಲಿ ರಂಜಕ ಧಾರಾಳವಾಗಿರುತ್ತದೆ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಅನ್ನ ಆ ಕೊರತೆಯನ್ನು ತುಂಬುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಲು ಹೊರಟಾಗ ಕೊರಳಿನ ಪ್ಯಾರಾಥೈರಾಯ್ಡ್ ಗ್ರಂಥಿಗಳು ಚುರುಕಾಗಿ, ಎಲುಬಿನಲ್ಲಿದ್ದುದನ್ನು ಕರಗಿಸಿ ರಕ್ತಕ್ಕೆ ತರುತ್ತವೆ. ಹೊರಗಿನಿಂದ ಮರಿ ದುಂಡಗೆ ಬೆಳೆಯುತ್ತಿರುತ್ತದೆ, ಒಳಗೆ ಎಲುಬು ಕಾಗದದಂತೆ ತೆಳುವಾಗುತ್ತಿರುತ್ತದೆ. ಅಂಥ ಎಲುಬು ಸೋಫಾದಿಂದ ಇಳಿದರೂ ಮಡಚಿಕೊಂಡು ಮುರಿಯಬಹುದು. ಬೆನ್ನೆಲುಬೇ ಮುರಿದರೆ ಹಿಂಗಾಲುಗಳ ಸ್ವಾಧೀನ ತಪ್ಪಬಹುದು. ನಿಮ್ಮ ಮರಿ ಹಟ ಮಾಡುತ್ತಿಲ್ಲ, ಬಹುಶಃ ನೋವಿನಿಂದ ನಿಂತಿದೆ.

ಇದೇ ಕಾಯಿಲೆ ಎಂದು ಇಲ್ಲಿಂದ ಖಚಿತವಾಗಿ ಹೇಳಲಾರೆ; ಎಕ್ಸ್-ರೇ ಬೇಕೇಬೇಕು, ಅದೂ ನಾಳೆಯೇ. ಅಲ್ಲಿಯವರೆಗೆ ಸಣ್ಣ ಜಾಗದಲ್ಲಿ ಜಾರದ ಹಾಸಿನ ಮೇಲೆ ಇರಿಸಿ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಕಾರಿಗೆ ಹಾಸಿಗೆಯ ಸಮೇತ ಎತ್ತಿಕೊಂಡು ಹೋಗಿ. ಅಂಗಡಿಯಿಂದ ಕ್ಯಾಲ್ಸಿಯಂ ಸಿರಪ್ ತಂದು ಹಾಕಬೇಡಿ.

ಹಾಸನದ ಸದಸ್ಯರು: ಇಷ್ಟಕ್ಕೆಲ್ಲ ಎಕ್ಸ್-ರೇ ಏಕೆ? ನನಗೆ ಬಂದ ಸಂದೇಶವೊಂದನ್ನು ಹಂಚಿಕೊಳ್ಳುತ್ತಿದ್ದೇನೆ: ಮೊಟ್ಟೆಯ ಚಿಪ್ಪಿನ ಪುಡಿ ದಿನಕ್ಕೆ ಎರಡು ಚಮಚ, ಸಾಸಿವೆ ಎಣ್ಣೆಯ ಮಾಲೀಶು, ನೋವಿಗೆ ಮನೆಯಲ್ಲಿರುವ ಐಬುಪ್ರೊಫೇನ್ ಅರ್ಧ ಮಾತ್ರೆ. ಮೂರು ದಿನದಲ್ಲಿ ಗುಣವಾಗುತ್ತದಂತೆ.

ಪಶುವೈದ್ಯೆ: ದಯವಿಟ್ಟು ಈ ಸಂದೇಶವನ್ನು ಅಳಿಸಿ. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ಡಿಕ್ಲೋಫೆನಾಕ್ ಕೂಡ ಹಾಗೆಯೇ. ಮೆತ್ತಗಾದ ಎಲುಬನ್ನು ತಿಕ್ಕುವುದು ಅದನ್ನು ಮುರಿಯುವ ದಾರಿ. ಚಿಪ್ಪಿನಲ್ಲಿ ಕ್ಯಾಲ್ಸಿಯಂ ಇದೆ, ನಿಜ. ಆದರೆ ದೊಡ್ಡ ತಳಿಯ ಎಳೆಯ ಮರಿಯ ಕರುಳು ಹೆಚ್ಚಾದದ್ದನ್ನು ಹೀರದೆ ಬಿಡಲಾರದು, ಹೆಚ್ಚಾದರೂ ಎಲುಬು ಕೆಡುತ್ತದೆ. ಚಮಚದ ಲೆಕ್ಕ ಬರೆದವರು ಮರಿಯ ತೂಕವನ್ನಾದರೂ ಕೇಳಿದ್ದಾರೆಯೇ?

ಹಾಸನದ ಸದಸ್ಯರು: ಬೀದಿನಾಯಿಗಳಿಗೆ ಯಾರು ಎಕ್ಸ್-ರೇ ತೆಗೆಸುತ್ತಾರೆ? ಅವು ಎಲ್ಲ ಮೆಟ್ಟಿಲನ್ನೂ ಹತ್ತುತ್ತವೆ.

ಮೈಸೂರಿನ ಸದಸ್ಯೆ: ಬದುಕಿ ಉಳಿದವು ಮಾತ್ರ ನಿಮ್ಮ ಕಣ್ಣಿಗೆ ಬೀಳುತ್ತವೆ. ಅವು ಎಲ್ಲಿಯಾದರೂ ಬರೀ ಮೂಳೆಯಿಲ್ಲದ ಮಾಂಸ ತಿನ್ನುತ್ತವೆಯೇ?

ಹಾಸನದ ಸದಸ್ಯರು: ನಾವು ಹಳ್ಳಿಯಲ್ಲಿ ರಾಗಿಮುದ್ದೆ ಹಾಕಿಯೇ ಸಾಕಿದವರು. ನಮಗೆ ಪಾಠ ಬೇಡ.

ಶಿವಮೊಗ್ಗದ ಸದಸ್ಯರು: ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ, ಅದರಲ್ಲಿ ತಪ್ಪೇನು?

ಬೆಂಗಳೂರಿನ ಸದಸ್ಯೆ: ಇಲ್ಲಿ ಒಂದು ಮರಿ ನರಳುತ್ತಿದೆ. ನಿಮ್ಮ ವಾದವನ್ನು ಬೇರೆ ಕಡೆ ಮಾಡಿಕೊಳ್ಳಿ.

ಮಂಗಳೂರಿನ ಸದಸ್ಯೆ: ಮೇಡಂ, ನಮ್ಮ ಮರಿ ಲಿಫ್ಟ್‌ನೊಳಗೆ ಬರಲು ಹೆದರುತ್ತದೆ, ಏನು ಮಾಡಲಿ?

ಕಲಬುರಗಿಯ ಸದಸ್ಯರು: ಎಷ್ಟು ತಿಂಗಳಿಗೆ ಮೆಟ್ಟಿಲು ಹತ್ತಿಸಬಹುದು ಮೇಡಂ?

ಪಶುವೈದ್ಯೆ: ಮೇಲೆ ಬರೆದಿದ್ದೇನೆ, ಓದಿ.

ಹಾಸನದ ಸದಸ್ಯರು: ಪ್ರಶ್ನೆ ಕೇಳಿದವರಿಗೆ ಹೀಗೆ ಉತ್ತರಿಸುವುದು ಸರಿಯಲ್ಲ. ವೈದ್ಯರಿಗೆ ಎಲ್ಲದರಲ್ಲೂ ಖರ್ಚು ಮಾಡಿಸುವುದೇ ಗೊತ್ತು.

ಪಶುವೈದ್ಯೆ: ಈ ಬಳಗದಲ್ಲಿ ನಾನು ಯಾರಿಂದಲೂ ಒಂದು ರೂಪಾಯಿ ಪಡೆದಿಲ್ಲ. ಇಂಥದೇ ಸಂದೇಶವನ್ನು ನಂಬಿ ಮಾತ್ರೆ ನುಂಗಿಸಿದ ಮರಿಯನ್ನು ಕಪ್ಪಗೆ ಭೇದಿಯಾಗುತ್ತಿದ್ದಾಗ ನನ್ನ ಮೇಜಿನ ಮೇಲೆ ತಂದು ಮಲಗಿಸಿದ್ದರು, ಉಳಿಸಲಾಗಲಿಲ್ಲ. ನಿಮ್ಮೊಂದಿಗೆ ಇನ್ನು ವಾದಿಸುವುದಿಲ್ಲ.

ದಾವಣಗೆರೆಯ ಸದಸ್ಯರು (ಮರುದಿನ): ಎಕ್ಸ್-ರೇ ಆಯಿತು. ಎಲುಬುಗಳು ಬಹಳ ತೆಳುವಾಗಿವೆ, ಎಡ ಹಿಂಗಾಲಿನ ತೊಡೆಯೆಲುಬಿನಲ್ಲಿ ಸಣ್ಣ ಬಿರುಕಿದೆ, ಬೆನ್ನು ಸರಿಯಾಗಿದೆ ಎಂದರು. ಆರು ವಾರ ವಿಶ್ರಾಂತಿ ಹೇಳಿದ್ದಾರೆ.

ಪಶುವೈದ್ಯೆ: ಬೆನ್ನು ಸರಿಯಾಗಿರುವುದು ದೊಡ್ಡ ಸಮಾಧಾನ. ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಸಮತೋಲಿತ ಆಹಾರವನ್ನು ಇಂದಿನಿಂದಲೇ ಕೊಡಿ, ಮೇಲಿನಿಂದ ಮಾಂಸ ಸೇರಿಸಬೇಡಿ. ಕೆಲವೇ ದಿನಗಳಲ್ಲಿ ನೋವು ತಗ್ಗಿ ಮರಿ ಓಡಲು ಹವಣಿಸುತ್ತದೆ. ಎಲುಬು ಆಗಿನ್ನೂ ಗಟ್ಟಿಯಾಗಿರುವುದಿಲ್ಲ, ಆದ್ದರಿಂದ ಆ ದಿನಗಳಲ್ಲೇ ಹೆಚ್ಚು ಎಚ್ಚರ ಬೇಕು. ಮೆಟ್ಟಿಲಿನ ಬುಡಕ್ಕೆ ಅಡ್ಡಹಲಗೆ ಕಟ್ಟಿ. ಮುಂದಿನ ಎಕ್ಸ್-ರೇ ನೋಡದೆ ಅದನ್ನು ತೆಗೆಯಬೇಡಿ.

ದಾವಣಗೆರೆಯ ಸದಸ್ಯರು: ಹಲಗೆ ಕಟ್ಟಿಯಾಯಿತು, ಮೇಡಂ.