ವಿ6 ಮಸ್ಟಾಂಗ್‌ನ ಹಿಂದಿನ ಆಕ್ಸಲ್‌ಗೆ 3.55 ಗೇರಾ, 3.73ಆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನಲ್ಲಿದ್ದೇನೆ. ನನ್ನದು 2012ರ ಫೋರ್ಡ್ ಮಸ್ಟಾಂಗ್, 3.7 ಲೀಟರ್ ವಿ6, ಮ್ಯಾನ್ಯುವಲ್. 305 ಹಾರ್ಸ್‌ಪವರ್ ಕಮ್ಮಿಯೇನಲ್ಲ. 4000 ಆರ್‌ಪಿಎಂ ದಾಟಿದ ಮೇಲೆ ಎಂಜಿನ್ ಹಾಡುತ್ತದೆ, ಆ ದನಿ ಅಂದ್ರೆ ನನಗೆ ಪ್ರಾಣ. ಆದರೆ ಸಿಗ್ನಲ್‌ನಿಂದ ಹೊರಡುವಾಗ ಎಳೆತ ಸಾಲದು.

ಕೋಲ್ಡ್ ಏರ್ ಇಂಟೇಕ್ (ಎಂಜಿನ್‌ಗೆ ತಂಪು ಗಾಳಿ ಎಳೆಯುವ ಕೊಳವೆ), ಹೊಸ ಸೈಲೆನ್ಸರ್ ಹಾಕಿಸಿದೆ. ಸದ್ದು ಜಾಸ್ತಿಯಾಯ್ತು, ಎಳೆತ ಅಷ್ಟೇ ಇದೆ. ಹಿಂದಿನ ಆಕ್ಸಲ್‌ನ ಗೇರ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಡ್ರೈವ್‌ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ) ಇನ್ನೂ 2.73. ಅದನ್ನು 3.73 ಮಾಡಿಸಿದರೆ ಪಿಕಪ್ ಬರುತ್ತದೆ, ನಿಜ. ಆದರೆ ಅದೇ ವೇಗಕ್ಕೆ ಆರ್‌ಪಿಎಂ ಸುಮಾರು 37% ಏರುತ್ತದೆ. ನಾನು ದಿನಾ ಹೈವೇಯಲ್ಲೇ ಆಫೀಸಿಗೆ ಹೋಗುವವನು. ಗೇರ್ ಬದಲಾದ ಮೇಲೆ ಸ್ಪೀಡೋಮೀಟರ್ ಸರಿಹೊಂದಿಸಲು ಟ್ಯೂನ್ (ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾವಣೆ) ಹೇಗೂ ಮಾಡಿಸುತ್ತೇನೆ. ಎಂಜಿನ್‌ಗೆ ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಸೂಪರ್‌ಚಾರ್ಜರ್‌ಗೆ ದುಡ್ಡಿಲ್ಲ.

ಇದೇ ಕಾರಲ್ಲಿ ಗೇರ್ ಬದಲಿಸಿದವರು ದಯವಿಟ್ಟು ಹೇಳಿ: ದಿನದ ಓಡಾಟಕ್ಕೆ 3.55 ಸಾಕಾ, ಅಥವಾ 3.73ಕ್ಕೇ ಹೋಗಲಾ?