ಹುಡುಗನ ನೆರಳಿಗೆ ಯಕ್ಷಗಾನದ ಕಿರೀಟ: ಫೋಟೋಶಾಪ್‌ನಲ್ಲಿ ಸಹಜವಾಗಿ ಮೂಡಿಸುವುದು ಹೇಗೆ?

ಪ್ರಶ್ನೆ: ಸಂಜೆ ಬಿಸಿಲಿನಲ್ಲಿ ಮಣ್ಣಿನ ಅಂಗಳದಲ್ಲಿ ನಿಂತ ಹುಡುಗನ ನೆರಳು ಮಾತ್ರ ಕಿರೀಟ ತೊಟ್ಟ ವೇಷಧಾರಿಯಂತೆ ಕಾಣಬೇಕೆಂಬುದು ನನ್ನ ಉದ್ದೇಶ. ವೇಷಧಾರಿಯ ಆಕೃತಿಯನ್ನು ಕತ್ತರಿಸಿ, ಕಪ್ಪು ತುಂಬಿ, ನೆಲದ ಮೇಲೆ ಮಲಗಿಸಿದಾಗ ಅದು ಅಂಟಿಸಿದ ಕಾಗದದಂತೆ ತೋರುತ್ತದೆ. ಏನನ್ನು ತಿದ್ದಬೇಕು?

ಉತ್ತರ 1: ಅಂಚುಗಳನ್ನು ಗಮನಿಸಿ. ಸೂರ್ಯ ಬಿಂದುವಲ್ಲ; ಆಕಾಶದಲ್ಲಿ ಸುಮಾರು 0.5 ಡಿಗ್ರಿ ಅಗಲದ ಬಿಂಬವಾದ್ದರಿಂದ, ಪಾದದ ಬಳಿ ಹರಿತವಾಗಿರುವ ನೆರಳಿನ ಅಂಚು ತಲೆಯತ್ತ ಸಾಗಿದಂತೆ ಮಸುಕಾಗುತ್ತದೆ, ಸಂಜೆಯ ಉದ್ದ ನೆರಳಿನಲ್ಲಂತೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಆದ್ದರಿಂದ ಇಡೀ ಆಕೃತಿಗೆ ಒಂದೇ ಪ್ರಮಾಣದ ಗಾಸಿಯನ್ ಬ್ಲರ್ (ಚಿತ್ರವನ್ನು ಮಸುಕಾಗಿಸುವ ಫಿಲ್ಟರ್) ಕೊಡದೆ, ಹರಿತವಾದ ಒಂದು ಲೇಯರನ್ನೂ (ಚಿತ್ರದ ಪದರ) ಮಸುಕಾದ ಇನ್ನೊಂದನ್ನೂ ಇಟ್ಟುಕೊಂಡು, ಲೇಯರನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಮೆಲ್ಲಮೆಲ್ಲನೆ ಮರೆಮಾಡುವ ಗ್ರೇಡಿಯಂಟ್ ಮಾಸ್ಕ್‌ನಿಂದ ಬೆಸೆಯಿರಿ.

ಉತ್ತರ 2: ಶುದ್ಧ ಕಪ್ಪು ಬೇಡವೇ ಬೇಡ. ಬಯಲಿನ ನೆರಳಿನೊಳಕ್ಕೆ ಆಕಾಶದ ನೀಲಿ ಬೆಳಕು ಬೀಳುತ್ತಲೇ ಇರುತ್ತದೆ. ಹುಡುಗನ ಮೂಲ ನೆರಳನ್ನು ಅಳಿಸುವ ಮುನ್ನ ಐಡ್ರಾಪರ್‌ನಿಂದ ಅದರ ಬಣ್ಣವನ್ನು ಗುರುತಿಸಿಟ್ಟುಕೊಂಡು, ಅದಕ್ಕೆ ಹೊಂದುವಂತೆ ಕರ್ವ್ಸ್ ಲೇಯರನ್ನು (ಕೆಳಗಿನ ಚಿತ್ರದ ಬೆಳಕು, ಬಣ್ಣಗಳನ್ನು ಹೊಂದಿಸುವ ಪದರ) ತಗ್ಗಿಸಿ, ಆಕೃತಿಯನ್ನೇ ಅದರ ಮಾಸ್ಕ್ ಮಾಡಿದರೆ, ಮಣ್ಣಿನ ಹರಳುಗಳೂ ಒಣಹುಲ್ಲಿನ ಎಳೆಗಳೂ ನೆರಳಿನೊಳಗೆ ಹಾಗೆಯೇ ಉಳಿಯುತ್ತವೆ.

ಉತ್ತರ 3: ಇವೆರಡಕ್ಕಿಂತ ಮುಖ್ಯವೆಂದು ನಾನು ಭಾವಿಸುವುದು ಛಾಯಾಗ್ರಹಣದ ಕೋನ. ನೆರಳೆಂದರೆ ಬೆಳಕಿನ ಮೂಲದಿಂದ ನೋಡಿದಾಗ ಕಾಣುವ ಹೊರರೇಖೆ. ಸೂರ್ಯ ಹುಡುಗನ ಬಲಕ್ಕಿದ್ದರೆ ವೇಷಧಾರಿಯನ್ನೂ ಬಲಬದಿಯಿಂದಲೇ ತೆಗೆದಿರಬೇಕು. ಎದುರಿನಿಂದ ತೆಗೆದ ಚಿತ್ರವನ್ನು ಎಷ್ಟು ಡಿಸ್ಟಾರ್ಟ್ ಮಾಡಿದರೂ (ಎಳೆದು ಓರೆಯಾಗಿಸಿದರೂ) ಹೊಂದುವುದಿಲ್ಲ. ಪಾದ ನೆಲ ಮುಟ್ಟುವ ಜಾಗದಲ್ಲಿ ಮಾತ್ರ ಹುಡುಗನ ನಿಜವಾದ ನೆರಳನ್ನೇ ಉಳಿಸಿಕೊಳ್ಳಿ.